ಅಂಚಿನ ಗೀಜಗ

ಬೆಟಗೇರಿ ಪ್ರೆಸ್ಸಿನ ಹಿಂದಿನ ಖೋಲಿಯಾಗ
ನನ್ನ ಪರದೆ. ಪರದೆ ಮ್ಯಾಲೊಂದು ಚೌಕ,
ನಾಲ್ಕು ಇಂಚು ಅಗಲ, ನಾಲ್ಕು ಇಂಚು ಎತ್ತರ.
ಅದರೊಳಗ ಕುಸುಬಿ ಹೂ ಹನ್ನೊಂದು,
ಮುಳ್ಳೆಲಿ ಎಣಿಸಿಲ್ಲ,
ಒಂದು ಗೀಜಗ.

ಸೀರಿ ಅಂಗಡಿ ಬಸೆಟ್ಟೆಪ್ಪ ಹೇಳಿದ್ದು ಇಷ್ಟ:
"ಮದವಿ ಸೀರಿ ಸುತ್ತೂ ಕಾಗದ, ತಂಗೀ.
ಎಲ್ಲಿ ಸುರು, ಎಲ್ಲಿ ಮುಗೀತು
ಗೊತ್ತಾಗಬಾರದು ನೋಡು. ಗುರುವಾರ ಬೇಕು."

ಚೌಕದ ಕಾಯಿದೆ ಸರಳ.
ಬಲದಂಚು ದಾಟಿ ಹೊರಗ ಹೋದದ್ದು
ಎಡದಂಚಿನಿಂದ ಒಳಗ ಬರಬೇಕು,
ಅದ ಎತ್ತರಕ್ಕ, ಕೂದಲೆಳಿಯಷ್ಟೂ ಜಾರದಂಗ.
ಹಂಗಾಗಿ ನನ್ನ ಗೀಜಗನ ಬಾಲ ಬಲಕ್ಕ,
ಕೊಕ್ಕು ಎಡಕ್ಕ,
ನಡುವ ನಾಲ್ಕು ಇಂಚು ಹೊಲ.
ತನ್ನ ಬಾಲ ತಾನ ದೂರದಿಂದ
ನೋಡಕೋತ ಕುಂತಿತ್ತು ಹಕ್ಕಿ.

ಒಂದರ ಬಾಜೂಕ ಒಂದು ಹಚ್ಚಿದೆ, ಆರು ಸಾಲು.
ಹಕ್ಕಿ ಕೂಡಿತು.
ಕೂಡಿದಲ್ಲೆ, ಕುತ್ತಿಗಿ ಮ್ಯಾಲೆ, ಒಂದು ಬಿಳಿ ಗೆರಿ,
ರಂಗೋಲಿ ಬೆರಳಿಂದ ಸೋರಿದಷ್ಟ ಸಣ್ಣದು.
ಜೂಮ್ ಮಾಡಿದರ ಮಾಯ,
ಹಿಂದಕ್ಕ ಸರಿದರ ಹಾಜರು.
ಎರಡು ದಿನ ಬೆನ್ನು ಹತ್ತಿದೆ. ಲೇಯರ್ ಒಂದೊಂದ ಮುಚ್ಚಿದೆ, ತೆಗೆದೆ.
ಚೌಕದ ಅಗಲದ ಅಂಕಿಯೊಳಗ, ದಶಾಂಶದ ಆಚೆ,
ಒಂದು ಮೂರು ಉಳಕೊಂಡಿತ್ತು.
ಅಳಿಸಿದೆ. ಗೆರಿ ಹೋತು.

ಪ್ರೂಫ್ ತಗೊಂಡು ಓಡಿದೆ
ಕಟಿಂಗ್ ಮಷೀನಿನ ಮಾಬೂಸಾಬ ನದಾಫರ ಕಡೆ.
ಅವರು ಹಾಳಿ ಗ್ವಾಡಿಗೆ ಅಂಟಿಸಿ
ಬಾಗಲ ತನಕ ಹಿಂದ ಹಿಂದ ನಡೆದು
ಕಣ್ಣು ಅರ್ಧ ಮುಚ್ಚಿದರು.
"ಛಲೋ ಐತಿ. ಆದರ ಹಾದಿ ಬಿದ್ದಾವಲ್ಲ ಬೇ."

ಹಾದಿ?
ನಾನೂ ಬಾಗಲಕ್ಕ ಹೋಗಿ ಕಣ್ಣು ಕಿರಿದು ಮಾಡಿದೆ.
ಹೌದು. ಚೌಕದ ಅಂಚಿನಗುಂಟ
ಹೂ ಇಡಲಿಕ್ಕೆ ನಾನು ಅಂಜಿದ್ದೆ.
ಅಂಜಿದ್ದು ಒಂದ ಸಲ, ಒಂದ ಚೌಕದಾಗ.
ಈಗ ಅದು ಮೂವತ್ತಾರು ಸಲ ಆಗಿ
ಹಾಳಿ ತುಂಬ ಓಣಿ ಓಣಿ ಬಿದ್ದಿತ್ತು,
ಬೆಳಿಯೊಳಗ ದನ ಹಾದಂಗ.

ಮಾಬೂಸಾಬರು ಒಂದು ಚೌಕ ಕತ್ತರಿಸಿಕೊಂಡರು.
ನಟ್ಟನಡುವ ಸೀಳಿ ಎಡದ್ದು ಬಲಕ್ಕ ಇಟ್ಟರು.
ಅಡ್ಡ ಸೀಳಿ ಮ್ಯಾಲಿನದು ಕೆಳಗ.
ಹಿಂದ ಟೇಪು, ಎಂಜಲು ಹಚ್ಚಿದ ಹೆಬ್ಬೆರಳು.
"ಈಗ ನಿನ್ನ ಅಂಚು ನಡುವಕ್ಕ ಬಂತು.
ಹೊರಗಿನ ಅಂಚು ಮುಟ್ಟಬ್ಯಾಡ, ಅವು ತಾವ ಕೂಡತಾವ.
ಖಾಲಿ ಐತಲ್ಲ, ಇಲ್ಲೆ ತುಂಬು."

ನಾಲ್ಕು ಓಣಿ ಕೂಡಿದ ಬಯಲು. ಅದರೊಳಗ
ಇಡಿಯಾಗಿ ಕುಂತಿತ್ತು ಗೀಜಗ.
ಮೊದಲನೇ ಸಲ ಅದರ ಹೊಟ್ಟಿ ನೋಡಿದೆ,
ತುಸು ದಪ್ಪ ಬರೆದಿದ್ದೆ.

"ಎಲ್ಲಿ ಕಲಿತಿರಿ ಚಾಚಾ?"
"ಕಿರ್ದಿ ಪುಸ್ತಕದ ರಟ್ಟಿಗೆ ಬಣ್ಣದ ಹಾಳಿ ಹಚ್ಚತಿದ್ದಿವಿ.
ಒಂದು ಹಾಳಿ ಸಾಲದಿದ್ದರ ಎರಡು.
ಜೋಡ ಕಂಡರ ಮಾಲಕ ಕೂಲಿ ಹಿಡೀತಿದ್ದ."

ಸಾಫ್ಟ್‌ವೇರಿನಾಗ ಇದಕ್ಕೊಂದು ಬಟನ್ ಇತ್ತು.
ದಿನಾ ನೋಡಿದ್ದೆ, ಒತ್ತಿರಲಿಲ್ಲ. ಅದರ ಹೆಸರು ಆಫ್‌ಸೆಟ್,
ಹೊರಗ ಗಡಗಡ ಅನ್ನೂ ನಮ್ಮ ಮಷೀನಿನ ಹೆಸರ.

ಅವತ್ತು ರಾತ್ರಿ ಕರೆಂಟು ಎರಡು ಸಲ ಹೋಗಿ ಬಂತು.
ಬಯಲಾಗ ಮೂರು ಕುಸುಬಿ ಬಿತ್ತಿದೆ, ಒಂದು ಅರೆಬಿರಿದದ್ದು.
ಹಕ್ಕಿ ಹೊಟ್ಟಿ ಹಂಗ ಬಿಟ್ಟೆ.
ಗುರುವಾರ ಎರಡು ಸಾವಿರ ಹಾಳಿ ಹೋದವು.

ತಿಂಗಳಾದ ಮ್ಯಾಲೆ ಮುಂಡರಗಿ ಬಸ್ಸಿನಾಗ
ಬಾಜೂ ಸೀಟಿನಾಕಿ ತೊಡಿ ಮ್ಯಾಲೆ ನನ್ನ ಕಾಗದ.
ಜೋಡ ಹುಡುಕಿದೆ. ಡಂಬಳ ಬರೂತನಕ ಹುಡುಕಿದೆ.
ಮಾಡಿದಾಕಿಗೂ ಸಿಗಲಿಲ್ಲ.
"ಸೀರಿ ನೋಡತೀಯೇನು?" ಅಂದಾಕಿ
ನಾ ಬ್ಯಾಡ ಅನ್ನೂದರಾಗ ಪರ್ ಅಂತ ಹರಿದಳು,
ಸೀದಾ ಗೀಜಗನ ಕುತ್ತಿಗಿ ಮ್ಯಾಲೆ.

ಗಿಣಿ ಹಸಿರು ಒಡಲು.
ಅಂಚು ಗೇಣಗಲ, ಕೆಂಪು,
ಬಸ್ಸಿನ ಕಡೀ ಸೀಟಿಗೂ ಕಾಣೂವಂಗ.